ದಾಳಿಂಬೆ ಸಿಪ್ಪೆಯ ಒಗರು ಏನನ್ನೆಲ್ಲ ಹಿಡಿಯುತ್ತದೆ?

ಚಿತ್ರದುರ್ಗದ ಜ್ಯೂಸ್ ಅಂಗಡಿಯೊಂದರಿಂದ ನಾನು ಆಗಾಗ ಒಂದು ಚೀಲ ದಾಳಿಂಬೆ ಸಿಪ್ಪೆ ತರುತ್ತೇನೆ. ಹಣ್ಣು ಸಂಸ್ಕರಣೆ ಹೇಳಿಕೊಡುವುದು ನನ್ನ ಕೆಲಸ. ಹಿರಿಯೂರು, ಹೊಸದುರ್ಗದ ಕಡೆಯಿಂದ ತರಬೇತಿಗೆ ಬರುವ ಹೆಣ್ಣುಮಕ್ಕಳು ಮೊದಲ ದಿನವೇ ಕೇಳುತ್ತಾರೆ: ‘ಮೇಡಂ, ಸಿಪ್ಪೆ ಪುಡಿ ಆರೋಗ್ಯಕ್ಕೆ ತುಂಬ ಒಳ್ಳೇದಂತೆ, ಹೌದಾ?’

ಉತ್ತರ ಹೇಳುವ ಮುಂಚೆ ಒಂದು ಚೂರು ಸಿಪ್ಪೆ ಕೊಟ್ಟು ಅಗಿಯಿರಿ ಅನ್ನುತ್ತೇನೆ. ಬಾಯಿ ಒಣಗಿ, ನಾಲಿಗೆ ಬಿಗಿಯುತ್ತದೆ. ಸಿಪ್ಪೆಯಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತು ನಮ್ಮ ಎಂಜಲಿನ ಪ್ರೋಟೀನನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದಲೇ ಹಾಗಾಗುವುದು. ಒಗರು ಅಂದರೆ ಅದೇ. ಹಿಂದಿನವರು ಚರ್ಮ ಹದ ಮಾಡಲು ಈ ಸಿಪ್ಪೆ ಬಳಸುತ್ತಿದ್ದದ್ದೂ ಇದೇ ಗುಣಕ್ಕೆ. ಭೇದಿಯಾದಾಗ ಅಜ್ಜಿ ಕೊಡುತ್ತಿದ್ದ ಸಿಪ್ಪೆ ಕಷಾಯದಲ್ಲೂ ಇದೇ ಒಗರು.

ಇನ್ನು ಸಂಶೋಧನೆಯ ಮಾತು. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳು 2002ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗ ಪ್ರಕಟಿಸಿದರು. ಲಿವರ್‌ಗೆ ಪೆಟ್ಟು ಕೊಡುವ ರಾಸಾಯನಿಕ ಹಾಕುವ ಮುಂಚೆ ಕೆಲವು ಇಲಿಗಳಿಗೆ ದಾಳಿಂಬೆ ಸಿಪ್ಪೆಯ ಸಾರ ಕೊಟ್ಟಿದ್ದರು. ಅವುಗಳ ಲಿವರ್‌ಗೆ ಹಾನಿ ಕಡಿಮೆಯಾಗಿತ್ತು. ಒಳ್ಳೆಯ ಕೆಲಸ, ನಮ್ಮ ನಾಡಿನಲ್ಲೇ ಆದದ್ದು. ಆದರೆ ಅದು ಲ್ಯಾಬಿನಲ್ಲಿ ಬಳಸುವ ದ್ರಾವಕ ಮೆಥನಾಲ್‌ನಲ್ಲಿ ತೆಗೆದ ಸಾರ, ಅಳತೆ ಮಾಡಿ ಇಲಿಗೆ ಕೊಟ್ಟದ್ದು. ಅದನ್ನೇ ತೋರಿಸಿ ‘ದಿನಾ ಒಂದು ಚಮಚ ಪುಡಿ ತಿನ್ನಿ’ ಅನ್ನಲು ಬರುವುದಿಲ್ಲ, ಅಲ್ವಾ?

ಇಲ್ಲಿ ನಾನು ಒಂದು ಪ್ರಯೋಗ ತೋರಿಸುತ್ತೇನೆ. ಒಣ ಸಿಪ್ಪೆಯನ್ನು ಅರ್ಧ ಗಂಟೆ ಕುದಿಸಿ ಸೋಸಿದರೆ ಕಂದು ಹಳದಿ ನೀರು ಸಿಗುತ್ತದೆ. ಮೊಳಕಾಲ್ಮುರಿನ ನೇಕಾರರೊಬ್ಬರು ಕೊಟ್ಟ ಒಂದು ಲಡಿ ರೇಷ್ಮೆಯನ್ನು ಪಟಿಕದ ನೀರಿನಲ್ಲಿ ನೆನೆಸಿ ಇದಕ್ಕೆ ಹಾಕಿದೆವು. ಬಿಸಿಯಲ್ಲೇ ಸ್ವಲ್ಪ ಹೊತ್ತು ಬಿಟ್ಟರೆ ಚೆಂದದ ಹಳದಿ. ತೊಳೆದರೂ ಉಳಿಯಿತು. ಆಮೇಲೆ, ತುಕ್ಕು ಮೊಳೆ ನೆನೆಸಿದ ವಿನೆಗರ್ ಒಂದು ಚಮಚ ಆ ನೀರಿಗೇ ಬಿಟ್ಟೆ. ನೋಡನೋಡುತ್ತಲೇ ಪಾತ್ರೆ ಪೂರ್ತಿ ಕಪ್ಪು! ‘ಅಯ್ಯೋ, ಶಾಯಿ ಆಯ್ತಲ್ಲ’ ಅಂದರು ಒಬ್ಬರು. ನಿಜ, ಹಳೇ ಕಾಲದ ಶಾಯಿ ಆಗುತ್ತಿದ್ದದ್ದು ಕಬ್ಬಿಣ ಮತ್ತು ಟ್ಯಾನಿನ್ ಸೇರಿಯೇ.

ಆಗ ಅವರಿಗೆ ಹೇಳಿದೆ: ನೀವು ರಕ್ತ ಕಡಿಮೆ ಅಂತ ನುಂಗುವ ಮಾತ್ರೆಯಲ್ಲಿ ಇರುವುದೂ ಕಬ್ಬಿಣವೇ. ಊಟದ ಜೊತೆ, ಮಾತ್ರೆಯ ಜೊತೆ ಸಿಪ್ಪೆ ಪುಡಿ ತಿಂದರೆ ಟ್ಯಾನಿನ್ ಆ ಕಬ್ಬಿಣವನ್ನೂ ಹಿಡಿದುಕೊಳ್ಳುತ್ತದೆ, ಮೈಗೆ ಸೇರುವುದು ಕಡಿಮೆಯಾಗುತ್ತದೆ. ಕಪ್ಪಾದ ಪಾತ್ರೆ ನೋಡಿದ ಮೇಲೆ ಬೇರೆ ವಿವರಣೆ ಬೇಕಾಗಲಿಲ್ಲ.

ಹಾಗಾಗಿ ನನ್ನ ಸಲಹೆ, ಮೊದಲು ಬಣ್ಣಕ್ಕೆ ಬಳಸಿ. ತಿನ್ನುವ ಪುಡಿಯ ಮಾತು ಆಮೇಲೆ. ದುಂಡಾಣು ಅಂಗಮಾರಿ ಎಂಬ ದಾಳಿಂಬೆ ರೋಗಕ್ಕೆ ಹೆದರಿ ನಮ್ಮ ತೋಟಗಳಲ್ಲಿ ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಅಂತ ಬೆಳೆಗಾರರಿಗೇ ಗೊತ್ತು. ಅದೆಲ್ಲ ಮೊದಲು ಬೀಳುವುದು ಸಿಪ್ಪೆಯ ಮೇಲೆ. ತೊಳೆದರೆ ಎಲ್ಲವೂ ಹೋಗುವುದಿಲ್ಲ. ಯಾವ ತೋಟದ ಹಣ್ಣು ಅಂತ ಗೊತ್ತಿಲ್ಲದ ಸಿಪ್ಪೆಯನ್ನು ನಾನಂತೂ ಯಾರಿಗೂ ತಿನ್ನಿಸುವುದಿಲ್ಲ.

ಒಣಗಿಸುವುದರಲ್ಲೂ ಜಾಗ್ರತೆ ಬೇಕು. ಒಮ್ಮೆ ಮಳೆ ಅಂತ ಹಸಿ ಸಿಪ್ಪೆಯನ್ನು ಚೀಲದಲ್ಲೇ ಬಿಟ್ಟಿದ್ದೆ. ಎರಡು ದಿನ ಬಿಟ್ಟು ತೆರೆದರೆ ಒಳಗೆ ಬಿಸಿ, ಮೇಲೆಲ್ಲ ಹಸಿರು ಬೂಷ್ಟು. ಚಳ್ಳಕೆರೆ ಕಡೆ ಶೇಂಗಾ ಬೆಳೆಯುವವರಿಗೆ ಬೂಷ್ಟಿನ ಅಪಾಯ ಹೊಸದಲ್ಲ. ಕೆಲವು ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಕುದಿಸಿದರೂ ಹೋಗದು. ತಂದ ದಿನವೇ ಸಣ್ಣಗೆ ಹೆಚ್ಚಿ, ತೆಳ್ಳಗೆ ಹರಡಿ, ಗಾಳಿಯಾಡುವ ನೆರಳಲ್ಲಿ ಒಣಗಿಸಿ. ಮುರಿದರೆ ಟಕ್ ಅನ್ನಬೇಕು, ಬಾಗಬಾರದು.

ಕೆಟ್ಟ ಆ ಚೀಲವನ್ನು ಸಗಣಿ, ಒಣ ಎಲೆ ಸೇರಿಸಿ ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಿದೆ. ಹಣ್ಣಿನ ಸಿಪ್ಪೆ ಮಣ್ಣಿಗೆ ಸೇರಿದರೆ ಏನಾಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ ಇದೆ. ಮಧ್ಯ ಅಮೆರಿಕದ ಕೋಸ್ಟರಿಕಾದಲ್ಲಿ 1990ರ ದಶಕದ ಕೊನೆಗೆ 12,000 ಟನ್ ಕಿತ್ತಳೆ ಸಿಪ್ಪೆ ಮತ್ತು ತಿರುಳನ್ನು ಬರಡು ನೆಲದಲ್ಲಿ ಸುರಿದು ಬಿಟ್ಟಿದ್ದರು. 16 ವರ್ಷದ ನಂತರ ಹೋಗಿ ನೋಡಿದರೆ ಅಲ್ಲಿ ಕಾಡೇ ಬೆಳೆದಿತ್ತು. ನನ್ನ ಗುಂಡಿಯ ಗೊಬ್ಬರವನ್ನು ಈ ಮಳೆಗಾಲಕ್ಕೆ ನಿಂಬೆ ಗಿಡದ ಬುಡಕ್ಕೆ ಹಾಕುತ್ತೇನೆ.