ಪಾತ್ರ ಯಾರಿಗೆ ಎಂದು ಕೇಳುವ ಮೊದಲು ಆಡಿಷನ್‌ಗೆ ಯಾರನ್ನು ಕರೆದೆವು ಎಂದು ಕೇಳಬೇಕು

ಕಿವುಡರ, ಅಂಧರ ಅಥವಾ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಬದುಕನ್ನು ಕುರಿತ ಸಿನಿಮಾವೊಂದು ಘೋಷಣೆಯಾಗಿ, ಮುಖ್ಯ ಪಾತ್ರದಲ್ಲಿ ಹೆಸರಾಂತ ಕಲಾವಿದರೊಬ್ಬರ ಪೋಸ್ಟರ್ ಹೊರಬಂದ ಕೂಡಲೇ ಚರ್ಚೆ ಎರಡು ಪಾಳಯವಾಗಿ ಒಡೆಯುತ್ತದೆ. ಆ ಬದುಕನ್ನು ಬದುಕಿದವರೇ ಆ ಪಾತ್ರವನ್ನು ಮಾಡಬೇಕಿತ್ತು ಎಂದು ಒಂದು ಪಾಳಯ ಹೇಳುತ್ತದೆ. ಪರಕಾಯ ಪ್ರವೇಶವೇ ನಟನ ಕಸುಬು, ಹಾಗಾದರೆ ಕೊಲೆಗಾರನ ಪಾತ್ರಕ್ಕೆ ಕೊಲೆಗಾರನನ್ನೇ ಕರೆತರಬೇಕೆ ಎಂದು ಇನ್ನೊಂದು ಪಾಳಯ ಕೇಳುತ್ತದೆ. ಪಾತ್ರಧಾರಿಗಳ ಆಯ್ಕೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಈ ಎರಡನೆಯ ವಾದದ ಆಕರ್ಷಣೆ ಅರ್ಥವಾಗುತ್ತದೆ, ಆದರೆ ಅದು ವಿಷಯಕ್ಕೆ ಹೊಂದುವುದಿಲ್ಲ. ಕೊಲೆಗಾರರ ಸಮುದಾಯವೊಂದು ಕೆಲಸ ಕೇಳಿಕೊಂಡು ಸ್ಟುಡಿಯೊ ಬಾಗಿಲಿಗೆ ಬಂದು, ಒಳಗೆ ಬಿಡದೆ ಹಿಂದಿರುಗಿದ ಚರಿತ್ರೆ ನಮ್ಮಲ್ಲಿಲ್ಲ. ಕಿವುಡ ಕಲಾವಿದರಿಗೂ ಟ್ರಾನ್ಸ್ ಕಲಾವಿದರಿಗೂ ಅಂಥ ಚರಿತ್ರೆ ಇದೆ.

ಸಾರ್ವಜನಿಕ ಚರ್ಚೆ ಶುರುವಾಗುವ ಹೊತ್ತಿಗೆ ತೀರ್ಮಾನವಾಗಿ ಹಲವು ತಿಂಗಳು ಕಳೆದಿರುತ್ತವೆ. ಚಿತ್ರಕಥೆ ಕೈಸೇರಿದ ಮೇಲೆ ನಾವು ಮೊದಲು ಮಾಡುವ ಕೆಲಸವೆಂದರೆ ಪಾತ್ರಗಳ ಪಟ್ಟಿ: ಹೆಸರು, ವಯಸ್ಸು, ಮೈಕಟ್ಟು, ಮಾತಿನ ಪ್ರಾದೇಶಿಕ ಧಾಟಿ, ಎಷ್ಟು ದಿನದ ಕಾಲ್‌ಶೀಟ್. ನಾಯಕ ಮತ್ತು ನಾಯಕಿಯ ಸಾಲುಗಳು ಬಹುತೇಕ ನಮ್ಮ ಕೈಗೆ ಬರುವ ಮೊದಲೇ ತುಂಬಿರುತ್ತವೆ, ಏಕೆಂದರೆ ಸ್ಯಾಟಲೈಟ್ ಹಕ್ಕು ಮತ್ತು ಒಟಿಟಿ ಹಕ್ಕುಗಳ ಬೆಲೆ ಆ ಹೆಸರುಗಳ ಮೇಲೆ ನಿಂತಿದೆ. ಉಳಿದ ಸಾಲುಗಳಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಮ್‌ನಲ್ಲಿ, ರಂಗತಂಡಗಳ ಪರಿಚಯಸ್ಥರಲ್ಲಿ ಕರೆ ಹೋಗುತ್ತದೆ. ಆ ಕರೆಯಲ್ಲಿ ‘25ರಿಂದ 30 ವರ್ಷದ ಯುವಕ, ಬ್ಯಾಂಕ್ ಉದ್ಯೋಗಿ’ ಎಂದಷ್ಟೇ ಬರೆದಿದ್ದರೂ, ಓದುವವರೆಲ್ಲ ಅದನ್ನು ನಡೆಯಬಲ್ಲ, ಕೇಳಬಲ್ಲ, ನೋಡಬಲ್ಲ ಯುವಕ ಎಂದೇ ಓದಿಕೊಳ್ಳುತ್ತಾರೆ. ಗಾಲಿಕುರ್ಚಿಯಲ್ಲಿ ಕುಳಿತ ನಟನೊಬ್ಬ ಆ ಕರೆ ತನಗೂ ಬಂದಿದೆ ಎಂದು ಭಾವಿಸುವುದಿಲ್ಲ. ಭಾವಿಸಿ ಬಂದರೂ ಆಡಿಷನ್ ಕೋಣೆ ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿರುತ್ತದೆ. ಪೋಸ್ಟರ್ ಬಂದಾಗ ನಡೆಯುವ ಜಗಳದ ಬೇರು ಇಲ್ಲಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಹುಡುಕಿದೆವು, ಸಿಗಲಿಲ್ಲ’ ಎಂಬ ಉತ್ತರ ನಮ್ಮ ಉದ್ಯಮದಷ್ಟೇ ಹಳೆಯದು. 1913ರಲ್ಲಿ ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ತಯಾರಿಸಿದಾಗ ತಾರಾಮತಿಯ ಪಾತ್ರಕ್ಕೆ ಹೆಂಗಸರು ಯಾರೂ ಮುಂದೆ ಬರಲಿಲ್ಲ. ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕ ಸೀರೆ ಉಟ್ಟು ತಾರಾಮತಿಯಾದರು. 1917ರ ‘ಲಂಕಾ ದಹನ’ದಲ್ಲಿ ಅವರೇ ರಾಮ, ಅವರೇ ಸೀತೆ. ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಆ 1913ರಲ್ಲಿಯೇ ಫಾಲ್ಕೆ ಅವರ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಗೋಖಲೆ ನಟಿಸಿದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಹೆಂಗಸರು ಸಿಗುವುದೇ ಇಲ್ಲ ಎಂಬ ಮಾತು ಒಂದು ವರ್ಷವೂ ಬಾಳಲಿಲ್ಲ. ನಮ್ಮ ಕಂಪನಿ ನಾಟಕಗಳಲ್ಲಿಯೂ ಪುರುಷರೇ ಸ್ತ್ರೀಪಾತ್ರ ಮಾಡುತ್ತಿದ್ದ ಕಾಲವಿತ್ತು, ಆಮೇಲೆ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನಂಥ ನಟಿಯರು ರಂಗವನ್ನೇ ಆಳಿದರು. ಯಕ್ಷಗಾನದ ಸ್ತ್ರೀವೇಷದ ಸೊಬಗನ್ನು ನಾನು ಎಂದೂ ಕಡೆಗಣಿಸುವವನಲ್ಲ, ಅದು ನೋಡುಗರೂ ಆಡುವವರೂ ಒಪ್ಪಿಕೊಂಡ ಒಂದು ಶೈಲಿ. ಆದರೆ ವಾಸ್ತವದ ಭ್ರಮೆಯನ್ನೇ ಬಂಡವಾಳ ಮಾಡಿಕೊಂಡ ಸಿನಿಮಾ, ಆ ಶೈಲಿಯ ಆಸರೆಯನ್ನು ತನ್ನ ಸಮರ್ಥನೆಗೆ ಎಳೆದುಕೊಳ್ಳುವುದು ಸರಿಯಾಗದು.

ಒಂದೇ ಕಥೆಯನ್ನು ಎರಡು ಬಗೆಯ ಪಾತ್ರವರ್ಗದಲ್ಲಿ ನೋಡುವ ಅವಕಾಶ ನಮಗೆ ಅಪರೂಪಕ್ಕೆ ಸಿಕ್ಕಿದೆ. ಕಿವುಡ ತಂದೆತಾಯಿಯರ, ಹಾಡುವ ಮಗಳ ಕಥೆಯಾದ ‘ಲಾ ಫಾಮಿಯ್ ಬೆಲಿಯೆ’ 2014ರಲ್ಲಿ ಫ್ರಾನ್ಸಿನಲ್ಲಿ ಬಂದಾಗ, ತಂದೆ ಮತ್ತು ತಾಯಿಯ ಪಾತ್ರಗಳನ್ನು ಕಿವಿ ಕೇಳುವ ಜನಪ್ರಿಯ ನಟರು ಮಾಡಿದ್ದರು. ಚಿತ್ರ ಚೆನ್ನಾಗಿ ಓಡಿತು, ಕಿವುಡ ಪ್ರೇಕ್ಷಕರಿಂದ ಕಟು ಟೀಕೆಯೂ ಬಂತು. ಅದೇ ಕಥೆ 2021ರಲ್ಲಿ ಅಮೆರಿಕದಲ್ಲಿ ‘ಕೋಡಾ’ ಆದಾಗ ತಂದೆ, ತಾಯಿ, ಅಣ್ಣ ಈ ಮೂರೂ ಪಾತ್ರಗಳಿಗೆ ಕಿವುಡ ನಟರು ಬಂದರು. ತಂದೆಯ ಪಾತ್ರಕ್ಕೆ ಹೆಸರಿರುವ, ಕಿವಿ ಕೇಳುವ ನಟನನ್ನು ತರುವ ಮಾತು ಬಂದಾಗ, ತಾಯಿಯ ಪಾತ್ರಕ್ಕೆ ಒಪ್ಪಿದ್ದ ಮಾರ್ಲಿ ಮ್ಯಾಟ್ಲಿನ್ ಹಾಗಾದರೆ ತಾನು ಈ ಚಿತ್ರದಲ್ಲಿ ಇರುವುದಿಲ್ಲ ಎಂದು ಪಟ್ಟು ಹಿಡಿದರು. 2022ರಲ್ಲಿ ಆ ಚಿತ್ರ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯಿತು, ತಂದೆಯಾಗಿ ನಟಿಸಿದ ಟ್ರಾಯ್ ಕಾಟ್ಸರ್ ಪೋಷಕ ನಟ ಪ್ರಶಸ್ತಿ ಪಡೆದರು. ನಟನೆಗೆ ಆಸ್ಕರ್ ಗೆದ್ದ ಮೊದಲ ಕಿವುಡ ಕಲಾವಿದೆ 1987ರಲ್ಲಿ ಅದೇ ಮ್ಯಾಟ್ಲಿನ್, ಎರಡನೆಯವರು ಕಾಟ್ಸರ್. ನಡುವೆ 35 ವರ್ಷ.

ಪ್ರಶಸ್ತಿಗಿಂತ ನನ್ನ ಕಸುಬಿಗೆ ಹತ್ತಿರವಾದ ಸಂಗತಿ ಬೇರೆ ಇದೆ. ಸಂಜ್ಞಾ ಭಾಷೆಯ ವ್ಯಾಕರಣ ಕೈಯಲ್ಲಿ ಮಾತ್ರ ಇರುವುದಿಲ್ಲ. ಹುಬ್ಬು ಏರಿಸುವುದು, ಭುಜ ತಿರುಗಿಸುವುದು, ನೋಟವನ್ನು ಎಲ್ಲಿ ನಿಲ್ಲಿಸುವುದು ಎಂಬುದೆಲ್ಲ ವಾಕ್ಯದ ಭಾಗ. ಹೌದೋ ಅಲ್ಲವೋ ಎಂದು ಕೇಳುವ ಪ್ರಶ್ನೆಯನ್ನು ಹುಬ್ಬೇ ಕೇಳುತ್ತದೆ. ಚಿತ್ರೀಕರಣಕ್ಕೆ ಒಂದೆರಡು ತಿಂಗಳಿರುವಾಗ ಸಂಜ್ಞೆಗಳನ್ನು ಕಲಿತ ನಟ ಎಷ್ಟೇ ಪ್ರತಿಭಾವಂತನಾಗಿದ್ದರೂ ಬಾಯಿಪಾಠ ಮಾಡಿದ ಪದಗಳನ್ನು ಒಂದರ ಹಿಂದೆ ಒಂದು ಇಡುತ್ತಾನೆ. ಆ ಭಾಷೆಯಲ್ಲಿ ಜಗಳವಾಡಲು, ತಮಾಷೆ ಮಾಡಲು, ಅರ್ಧ ವಾಕ್ಯದಲ್ಲಿ ಮನಸ್ಸು ಬದಲಿಸಲು ಅವನಿಗೆ ಬರುವುದಿಲ್ಲ. ಕನ್ನಡ ಬಾರದ ನಟಿಯೊಬ್ಬರು ಕನ್ನಡದ ಸಂಭಾಷಣೆಯನ್ನು ಬೇರೆ ಲಿಪಿಯಲ್ಲಿ ಬರೆದುಕೊಂಡು ಒಪ್ಪಿಸಿದಾಗ ನಮ್ಮ ಪ್ರೇಕ್ಷಕರಿಗೆ ಅದು ಮೊದಲ ದೃಶ್ಯದಲ್ಲೇ ತಿಳಿಯುತ್ತದೆ. ಕಿವುಡ ಪ್ರೇಕ್ಷಕರಿಗೂ ಹಾಗೆಯೇ ತಿಳಿಯುತ್ತದೆ. ಆದ್ದರಿಂದ ಸಂಜ್ಞಾ ಭಾಷೆಯೇ ಮಾತಾಗಿರುವ ಪಾತ್ರಕ್ಕೆ ಕಿವುಡ ಕಲಾವಿದರೇ ಬೇಕು ಎಂಬುದನ್ನು ನಾನು ಯಾವ ವಿನಾಯಿತಿಯೂ ಇಲ್ಲದೆ ಹೇಳುತ್ತೇನೆ. ಅದು ಮೊದಲು ಕಸುಬಿನ ಪ್ರಶ್ನೆ, ನ್ಯಾಯದ ಪ್ರಶ್ನೆ ಅದರ ಬೆನ್ನಿಗೇ ಇದೆ.

ಟ್ರಾನ್ಸ್ ಪಾತ್ರಗಳ ವಿಷಯ ಇಷ್ಟು ಸರಳವಾಗಿಲ್ಲ, ಮತ್ತು ಕನ್ನಡದಲ್ಲಿ ಅದಕ್ಕೆ ಒಂದು ಮುಖ್ಯ ಉದಾಹರಣೆ ಇದೆ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಚಿತ್ರದಲ್ಲಿ ಮಾದೇಶ ವಿದ್ಯಾ ಆಗುವ ಪಯಣವನ್ನು ಸಂಚಾರಿ ವಿಜಯ್ ಅಭಿನಯಿಸಿದರು, 62ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟರಾದರು. ರಂಗಭೂಮಿಯಿಂದ ಬಂದ ಆ ನಟ 2021ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಕನ್ನಡ ಸಿನಿಮಾ ಕಳೆದುಕೊಂಡದ್ದು ಸಣ್ಣದಲ್ಲ. ಅವರ ನಟನೆಯಲ್ಲಿ ಅಣಕವಿರಲಿಲ್ಲ. ಟ್ರಾನ್ಸ್ ಮಹಿಳೆಯರನ್ನು ನಗೆಪಾಟಲಿಗೆ ಬಳಸುತ್ತ ಬಂದ ನಮ್ಮ ತೆರೆಯ ಮೇಲೆ ಅದು ದೊಡ್ಡ ತಿರುವು. ಹಾಗಿದ್ದೂ ಒಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ: ಆ ಚಿತ್ರಕ್ಕೆ ಆಧಾರವಾದ ಆತ್ಮಕಥೆಯನ್ನು ತಮಿಳಿನಲ್ಲಿ ಬರೆದ ಲಿವಿಂಗ್ ಸ್ಮೈಲ್ ವಿದ್ಯಾ ಸ್ವತಃ ರಂಗನಟಿ. ಜೋಗತಿ ನೃತ್ಯದ ಟ್ರಾನ್ಸ್ ಕಲಾವಿದೆ ಮಂಜಮ್ಮ ಜೋಗತಿ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ 2021ರಲ್ಲಿ ಪದ್ಮಶ್ರೀ ಪಡೆದವರು, ಜೀವಮಾನವಿಡೀ ಪ್ರೇಕ್ಷಕರ ಎದುರು ನಿಂತ ಕಲಾವಿದೆ. ಕಲಾವಿದರು ಇದ್ದರು, ಈಗಲೂ ಇದ್ದಾರೆ. ನಮ್ಮ ಪಟ್ಟಿಗಳು ಅವರವರೆಗೆ ಹೋಗಿರಲಿಲ್ಲ. ಮಮ್ಮೂಟ್ಟಿ ಎದುರು ‘ಪೇರನ್ಬು’ ಚಿತ್ರದಲ್ಲಿ ಟ್ರಾನ್ಸ್ ನಟಿ ಅಂಜಲಿ ಅಮೀರ್ ನಟಿಸಿದ ಮೇಲೆ ದಕ್ಷಿಣದಲ್ಲಿ ಯಾರೂ ಸಿಗುವುದಿಲ್ಲ ಎಂಬ ಮಾತಿಗೆ ಬೆಲೆ ಉಳಿದಿಲ್ಲ.

ಇಂಥ ಕಥೆಗಳಲ್ಲಿ ನಿಜವಾದ ತೊಡಕು ಕಾಲದ್ದು. ಪಾತ್ರದ ಬಾಲ್ಯ, ಹದಿಹರೆಯ, ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳು, ನಂತರದ ಬದುಕು ಇವೆಲ್ಲ ತೆರೆಗೆ ಬರಬೇಕಾದಾಗ, ತಾನು ಕಷ್ಟಪಟ್ಟು ಹಿಂದೆ ಬಿಟ್ಟುಬಂದ ದೇಹ ಮತ್ತು ಹೆಸರಿಗೆ ಮತ್ತೆ ಮರಳುವಂತೆ ಕಲಾವಿದೆಯೊಬ್ಬಳನ್ನು ಕೇಳುವುದು ಹಿಂಸೆಯಾಗಬಹುದು. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಇಬ್ಬರು ಕಲಾವಿದರ ನಡುವೆ ಪಾತ್ರವನ್ನು ಹಂಚುವುದು, ಹಿಂದಿನ ದೃಶ್ಯಗಳನ್ನು ಕಡಿಮೆ ಮಾಡಿ ಚಿತ್ರಕಥೆ ತಿದ್ದುವುದು ಸಾಧ್ಯವಿರುವ ದಾರಿಗಳು. ಆದರೆ ಆ ಮಾತುಕತೆ ಚಿತ್ರಕಥೆಯ ಎರಡನೇ ಕರಡಿನ ಹೊತ್ತಿಗೇ ಆಗಬೇಕು, ಚಿತ್ರೀಕರಣದ ಹಿಂದಿನ ವಾರ ಆದರೆ ಪ್ರಯೋಜನವಿಲ್ಲ. ಟ್ರಾನ್ಸ್ ಮಹಿಳೆಯ ಪಾತ್ರಕ್ಕೆ ಗಂಡಸರನ್ನೇ ಮತ್ತೆ ಮತ್ತೆ ಆರಿಸುತ್ತ ಹೋದರೆ, ಆಕೆ ಹೆಣ್ಣು ಎಂದು ಚಿತ್ರ ಎಷ್ಟು ಹೇಳಿದರೂ ಪ್ರೇಕ್ಷಕ ಚಿತ್ರಮಂದಿರದಿಂದ ಹೊರಗೆ ಒಯ್ಯುವುದು ಸೀರೆ ಉಟ್ಟ ಗಂಡಸಿನ ನೆನಪನ್ನು. ಈ ಕಾರಣಕ್ಕೆ ನನ್ನ ಒಲವು ಟ್ರಾನ್ಸ್ ಕಲಾವಿದೆಯರ ಕಡೆಗೇ ಇದೆ.

ಇಷ್ಟು ಹೇಳಿದ ಮೇಲೆ, ಈ ಇಡೀ ಚರ್ಚೆಯಲ್ಲಿ ಯಾರೂ ಗಟ್ಟಿಯಾಗಿ ಹೇಳದ ಮಾತಿಗೆ ಬರುತ್ತೇನೆ. ಕಿವುಡರಿಗೆ ಕಿವುಡರ ಪಾತ್ರ, ಟ್ರಾನ್ಸ್ ಕಲಾವಿದರಿಗೆ ಟ್ರಾನ್ಸ್ ಪಾತ್ರ ಎಂದಷ್ಟಕ್ಕೇ ನಿಂತರೆ ಅವರಿಗೆ ಕೆಲವು ವರ್ಷಕ್ಕೊಮ್ಮೆ ಒಂದು ಪಾತ್ರ ಸಿಗುತ್ತದೆ, ಅಷ್ಟೇ. ಅದರಿಂದ ಯಾರ ಮನೆಯ ಒಲೆಯೂ ಉರಿಯುವುದಿಲ್ಲ. ಉಳಿದವರು ಎಲ್ಲ ಪಾತ್ರಗಳನ್ನೂ ಮಾಡಬಹುದು, ಇವರು ತಮ್ಮನ್ನು ಮಾತ್ರ ಆಡಬಹುದು ಎಂಬ ಏಕಮುಖ ಸಂಚಾರ ಮುಂದುವರಿಯುತ್ತದೆ. ದಕ್ಷಿಣದ ಸಿನಿಮಾ ಇದಕ್ಕೆ ಸದ್ದಿಲ್ಲದೆ ಒಂದು ಉತ್ತರ ಕೊಟ್ಟಿದೆ. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ಅಭಿನಯಾ ಎಂಬ ನಟಿ 2009ರ ತಮಿಳಿನ ‘ನಾಡೋಡಿಗಳ್’ ಮೂಲಕ ಬಂದು, ಅದರ ಕನ್ನಡ ಅವತರಣಿಕೆಯಾದ ಪುನೀತ್ ರಾಜ್‌ಕುಮಾರ್ ಅವರ ‘ಹುಡುಗರು’ (2011) ಚಿತ್ರದಲ್ಲಿಯೂ ನಟಿಸಿದರು. ಮಾತನಾಡುವ ಪಾತ್ರಗಳನ್ನು ಅವರು ತುಟಿಚಲನೆಯಿಂದ ನಿಭಾಯಿಸುತ್ತಾರೆ, ಧ್ವನಿಯನ್ನು ಡಬ್ಬಿಂಗ್ ಕಲಾವಿದೆಯರು ಕೊಡುತ್ತಾರೆ. ಕನ್ನಡ ಬಾರದ ಎಷ್ಟೋ ನಾಯಕಿಯರಿಗೆ ನಾವು ಇದನ್ನೇ ಮಾಡುತ್ತ ಬಂದಿದ್ದೇವೆ. ಅಂದಮೇಲೆ ಸಂಭಾಷಣೆ ಹೇಳಲಾಗುವುದಿಲ್ಲ ಎಂಬುದು ಕಿವುಡ ಕಲಾವಿದರನ್ನು ಹೊರಗಿಡಲು ಕಾರಣವಾಗಲಾರದು. ಕಾಲು ಕಳೆದುಕೊಂಡ ನೃತ್ಯಗಾತಿ ಸುಧಾ ಚಂದ್ರನ್ ತಮ್ಮದೇ ಬದುಕಿನ ಕಥೆಯಾದ ತೆಲುಗಿನ ‘ಮಯೂರಿ’ಯಲ್ಲಿ (1985) ನಟಿಸಿ ರಾಷ್ಟ್ರೀಯ ಪ್ರಶಸ್ತಿಯ ಮನ್ನಣೆ ಪಡೆದರು. ನನಗೆ ಅದಕ್ಕಿಂತ ಮುಖ್ಯವಾದದ್ದು ಆಮೇಲಿನ ದಶಕಗಳು: ಕಿರುತೆರೆಯಲ್ಲಿ ಅವರು ಅತ್ತೆಯಾಗಿ, ಖಳನಾಯಕಿಯಾಗಿ, ಕಾಲಿನ ಪ್ರಸ್ತಾಪವೇ ಇಲ್ಲದ ಹತ್ತಾರು ಪಾತ್ರಗಳಲ್ಲಿ ದುಡಿದರು.

ಈಚೆಗೆ ಸ್ಥಳದಲ್ಲೇ ಧ್ವನಿ ಮುದ್ರಿಸುವ ಸಿಂಕ್ ಸೌಂಡ್ ಪದ್ಧತಿ ಹೆಚ್ಚುತ್ತಿದೆ. ಕಲೆಯ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಡಬ್ಬಿಂಗ್ ತೆರೆದಿಟ್ಟಿದ್ದ ಈ ಬಾಗಿಲು ಅದರಿಂದ ಮುಚ್ಚಿಹೋಗದಂತೆ ನಿರ್ದೇಶಕರು ಎಚ್ಚರ ವಹಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಪರಿಚಯವಿಲ್ಲದ ಮುಖಗಳಿಂದ ಚಿತ್ರ ನಿಲ್ಲುವುದಿಲ್ಲ ಎಂಬ ಭಯಕ್ಕೆ ‘ತಿಥಿ’ ಉತ್ತರ ಕೊಟ್ಟಾಗಿದೆ. ಮಂಡ್ಯದ ಹಳ್ಳಿಯ ಜನರೇ, ಹಿಂದೆಂದೂ ಕ್ಯಾಮೆರಾ ಎದುರಿಸದವರು, ನಟಿಸಿದ ಆ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೆದ್ದು ಬಂತು. ನಂತರ ಉದ್ಯಮ, ಅದರಲ್ಲಿ ಗಡ್ಡಪ್ಪ ಎಂಬ ಮುದುಕನ ಪಾತ್ರ ಮಾಡಿ ಅದೇ ಹೆಸರಿನಿಂದ ಜನಪ್ರಿಯರಾದ ಗಡ್ಡಪ್ಪನವರನ್ನು ಮತ್ತೆ ಮತ್ತೆ ಅದೇ ಗಡ್ಡಪ್ಪನನ್ನಾಗಿಯೇ ಕರೆಯಿತು ಎಂಬುದು ಬೇಸರದ ಸಂಗತಿ. ಇನ್ನು ಜಾತಿಯ ವಿಷಯ. ಆಡಿಷನ್ ಅರ್ಜಿಯಲ್ಲಿ ಜಾತಿ ಕೇಳುವ ದಿನ ಬಾರದಿರಲಿ. ಆದರೆ ದಲಿತ ಅಥವಾ ಆದಿವಾಸಿ ಪಾತ್ರ ಎಂದ ಕೂಡಲೇ ಬಿಳಿ ಮೈಬಣ್ಣದ ಕಲಾವಿದರಿಗೆ ಕಪ್ಪು ಬಣ್ಣ ಬಳಿಯುವ ಪದ್ಧತಿಯನ್ನು ನಿಲ್ಲಿಸಲು ಯಾವ ಅರ್ಜಿಯೂ ಬೇಡ. ಕಪ್ಪು ಮೈಬಣ್ಣದ ಹುಡುಗಿಯ ಕಥೆ ಹೇಳಿದ ಹಿಂದಿಯ ‘ಬಾಲಾ’ (2019) ಚಿತ್ರದಲ್ಲಿಯೂ ನಟಿಯ ಮುಖಕ್ಕೆ ಕಪ್ಪು ಬಳಿದದ್ದು ಟೀಕೆಗೆ ಗುರಿಯಾದದ್ದು ಸಹಜ. ಅಂಥ ಮೈಬಣ್ಣದ ನಟಿಯರು ಈ ದೇಶದಲ್ಲಿ ಇಲ್ಲವೆಂದು ಹೇಳಲು ಯಾರಿಗೂ ಬಾಯಿ ಬರಲಾರದು.

2024ರ ಜುಲೈ 8ರಂದು ಸುಪ್ರೀಂ ಕೋರ್ಟ್, ಹಿಂದಿಯ ‘ಆಂಖ್ ಮಿಚೋಲಿ’ ಚಿತ್ರದ ವಿರುದ್ಧ ಅಂಗವಿಕಲರ ಹಕ್ಕುಗಳ ಹೋರಾಟಗಾರ ನಿಪುಣ್ ಮಲ್ಹೋತ್ರಾ ಸಲ್ಲಿಸಿದ್ದ ಅರ್ಜಿಯ ತೀರ್ಪಿನಲ್ಲಿ, ಅಂಗವೈಕಲ್ಯದ ಚಿತ್ರಣಕ್ಕೆ ಮಾರ್ಗಸೂಚಿಗಳನ್ನು ಕೊಟ್ಟಿತು. ನಮ್ಮ ಕುರಿತ ಯಾವುದೂ ನಮ್ಮನ್ನು ಬಿಟ್ಟು ಆಗಬಾರದು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಯಾರು ಯಾವ ಪಾತ್ರ ಮಾಡಬೇಕೆಂದು ನ್ಯಾಯಾಲಯ ಹೇಳಲಿಲ್ಲ, ಹೇಳುವುದು ಅದರ ಕೆಲಸವೂ ಅಲ್ಲ. ಆ ಕೆಲಸ ನಿರ್ಮಾಪಕರದ್ದು, ನಿರ್ದೇಶಕರದ್ದು, ನಮ್ಮಂಥವರದ್ದು.

ನಾನು ಈಗ ಪಾತ್ರಗಳ ಪಟ್ಟಿ ಮಾಡುವಾಗ ಪ್ರತಿ ಪಾತ್ರದ ಮುಂದೆ ಎರಡು ಸಾಲು ಬರೆಯುತ್ತೇನೆ. ಕಥೆ ನಿಲ್ಲಲು ಈ ಪಾತ್ರದಲ್ಲಿ ಯಾವ ಗುಣ ಅನಿವಾರ್ಯ ಎಂಬುದು ಮೊದಲನೆಯದು, ಯಾವುದು ಬರೀ ನಮ್ಮ ರೂಢಿ ಎಂಬುದು ಎರಡನೆಯದು. ವಕೀಲೆ, ಬ್ಯಾಂಕಿನ ಮ್ಯಾನೇಜರ್, ಪಕ್ಕದ ಮನೆಯ ಅತ್ತೆ, ನಾಯಕನ ಗೆಳೆಯ ಇಂಥ ಪಾತ್ರಗಳಲ್ಲಿ ಎರಡನೆಯ ಸಾಲೇ ಉದ್ದವಾಗಿರುತ್ತದೆ. ಆ ಪಾತ್ರಗಳ ಕರೆಯಲ್ಲಿ, ಅಂಗವೈಕಲ್ಯವುಳ್ಳ ಮತ್ತು ಟ್ರಾನ್ಸ್ ಕಲಾವಿದರೂ ಅರ್ಜಿ ಹಾಕಬೇಕು ಎಂದು ಸ್ಪಷ್ಟವಾಗಿ ಬರೆಯುತ್ತೇನೆ, ಏಕೆಂದರೆ ಬರೆಯದಿದ್ದರೆ ಅವರು ಬರುವುದಿಲ್ಲ. ನಿರ್ಮಾಪಕರಲ್ಲಿ ನನ್ನ ಕೋರಿಕೆ ಇಷ್ಟೇ: ಬಜೆಟ್ಟಿನಲ್ಲಿ ಸಂಜ್ಞಾ ಭಾಷೆಯ ದುಭಾಷಿಗೆ, ನೆಲಮಹಡಿಯ ಆಡಿಷನ್ ಕೋಣೆಗೆ, ಇಳಿಜಾರು ಇರುವ ಕ್ಯಾರವಾನಿಗೆ ಮತ್ತು ಇಂಥ ಕಲಾವಿದರಿರುವ ದೃಶ್ಯಗಳಿಗೆ ಬೇಕಾಗುವ ಹೆಚ್ಚುವರಿ ಅರ್ಧ ದಿನದ ಚಿತ್ರೀಕರಣಕ್ಕೆ ಮೊದಲೇ ಹಣ ತೆಗೆದಿಡಿ. ನಾಯಕನ ಆಯ್ಕೆಗಿಂತ ಮುಂಚೆ ಈ ಸಾಲುಗಳು ಬಜೆಟ್ಟಿಗೆ ಸೇರಿದರೆ, ಕಡಿತದ ಹೊತ್ತಿನಲ್ಲಿ ಅವು ಮೊದಲು ಹೋಗುವ ಸಾಲುಗಳಾಗುವುದಿಲ್ಲ.