ಸೂಪರ್‌ಮಾರ್ಕೆಟ್ ಭೇಟಿಯ ಸುತ್ತ ಒಂದು ಇಂಗ್ಲಿಷ್ ಪಾಠ: ದೊಡ್ಡವರಿಗೆ ಕಲಿಸುವವರಿಗೆ ಅಧ್ಯಯನ ಟಿಪ್ಪಣಿ

ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ತರಬೇತಿಯಲ್ಲಿರುವ ನಮಗೆ 'ತರಗತಿಯ ಹೊರಗೆ ಒಂದು ಪಾಠ ಯೋಜಿಸಿ' ಎಂಬ ಅಸೈನ್‌ಮೆಂಟ್ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ತುಂಬಾ ಜನ ಸೂಪರ್‌ಮಾರ್ಕೆಟ್ ಆರಿಸಿಕೊಳ್ಳುತ್ತಾರೆ. ಎಲ್ಲರೂ ಹೋಗುವ ಜಾಗ, ವಸ್ತುಗಳು ಕಣ್ಣೆದುರೇ ಇರುತ್ತವೆ, ಖರ್ಚಿಲ್ಲ. ಆದರೂ ಇಂಥ ಪಾಠ ಎಷ್ಟೋ ಸಲ ಸುಮ್ನೆ ಒಂದು ಸುತ್ತಾಟವಾಗಿ ಮುಗಿದುಬಿಡುತ್ತದೆ. ಅದಕ್ಕೆ ಕಾರಣ ಆ ಅಂಗಡಿಯ ಹುಟ್ಟಿನಲ್ಲೇ ಇದೆ.

1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ 'ಪಿಗ್ಲಿ ವಿಗ್ಲಿ' ಎಂಬ ಅಂಗಡಿ ತೆರೆದರು. ಅಲ್ಲಿಯವರೆಗೆ ದಿನಸಿ ಅಂಗಡಿ ಅಂದರೆ ಕೌಂಟರ್ ಮುಂದೆ ನಿಂತು ಬೇಕಾದ್ದನ್ನು ಹೇಳುವುದು, ಅಂಗಡಿಯವರು ತೆಗೆದು ಕೊಡುವುದು. ಸಾಂಡರ್ಸ್ ಅಂಗಡಿಯಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ಶೆಲ್ಫುಗಳ ನಡುವೆ ಓಡಾಡಿ ಆರಿಸಿಕೊಳ್ಳುತ್ತಿದ್ದರು. ಇವತ್ತಿನ ಸೂಪರ್‌ಮಾರ್ಕೆಟ್ ಇದೇ ದಾರಿಯಲ್ಲಿ ಬೆಳೆದದ್ದು. ಗಿರಾಕಿಯೇ ಯಂತ್ರದಲ್ಲಿ ಬಿಲ್ ಮಾಡಿಕೊಳ್ಳುವ ಸೆಲ್ಫ್ ಚೆಕ್‌ಔಟ್ ಬಂದ ಮೇಲೆ ಬಿಲ್ ಮಾಡಿಸುವಾಗಿನ ಎರಡು ಮಾತೂ ಬೇಡವಾಯಿತು. ಅಂದರೆ ಇಂಗ್ಲಿಷ್ ಮಾತಾಡುವ ಊರಿನಲ್ಲೂ ಒಂದಕ್ಷರ ಇಂಗ್ಲಿಷ್ ಆಡದೆ ವಾರದ ಸಾಮಾನೆಲ್ಲ ತರಬಹುದು. ನಮ್ಮ ವಿದ್ಯಾರ್ಥಿಗಳು ಮಾಡುತ್ತಿರುವುದೂ ಅದನ್ನೇ, ಅಲ್ವಾ?

ಹಾಗಾಗಿ ಪಾಠ ಯೋಜಿಸುವಾಗ ಎರಡು ವಿಷಯ ತಲೆಯಲ್ಲಿರಲಿ. ಅಲ್ಲಿ ಓದುವುದಕ್ಕೆ ಬೇಕಾದಷ್ಟಿದೆ. ಮಾತಾಡುವುದಕ್ಕೆ ಮಾತ್ರ ಕಾರಣವನ್ನು ನಾವೇ ಹುಟ್ಟಿಸಬೇಕು.

ಗುರಿ ಬರೆಯುವಾಗ

'ವಿದ್ಯಾರ್ಥಿಗಳು ಸೂಪರ್‌ಮಾರ್ಕೆಟ್ ಪದಗಳನ್ನು ಕಲಿಯುತ್ತಾರೆ' ಎಂದು ಬರೆದರೆ ಕಲಿತರೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಕಣ್ಣಿಗೆ ಕಾಣುವ ಗುರಿ ಬರೆಯಿರಿ: 'ಪ್ರತಿಯೊಬ್ಬರೂ ಒಂದು ವಸ್ತು ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿ, ಉತ್ತರ ಅರ್ಥ ಮಾಡಿಕೊಂಡು, ಆ ಶೆಲ್ಫಿನ ಮುಂದೆ ಹೋಗಿ ನಿಲ್ಲುತ್ತಾರೆ.' ಇದನ್ನು ನಿಂತಲ್ಲೇ ನೋಡಿ ಗುರುತು ಹಾಕಬಹುದು.

ಮಟ್ಟ ನಿರ್ಧರಿಸಲು ಕೌನ್ಸಿಲ್ ಆಫ್ ಯೂರೋಪ್ 2001ರಲ್ಲಿ ಪ್ರಕಟಿಸಿದ, ಭಾಷೆ ಎಷ್ಟು ಬರುತ್ತದೆ ಎಂದು ಮಟ್ಟಗಳಲ್ಲಿ ಹೇಳುವ ಸಿಇಎಫ್‌ಆರ್ ಚೌಕಟ್ಟು ಸಾಕು. ಅದರಲ್ಲಿ ಎ1 ಅತಿ ಕೆಳಗಿನ ಮಟ್ಟ, ಸಿ2 ಅತಿ ಮೇಲಿನದು. ಸಂಖ್ಯೆ, ಪ್ರಮಾಣ, ಬೆಲೆ ಇವುಗಳನ್ನು ನಿಭಾಯಿಸುವುದು ಎ1ನಲ್ಲೇ ಬರುತ್ತದೆ. ಈ ಟಿಪ್ಪಣಿ ಎ1 ಮುಗಿಸಿ ಎ2ಗೆ ಕಾಲಿಡುತ್ತಿರುವ ಗುಂಪನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಒಂದು ಮಾತನ್ನು ಒತ್ತಿ ಹೇಳಬೇಕು. ಇವರು ದೊಡ್ಡವರು. ವರ್ಷಗಟ್ಟಲೆ ಮನೆ ನಡೆಸಿದವರು. ಯಾವ ಹಣ್ಣು ಮಾಗಿದೆ, ಯಾವುದು ದುಡ್ಡಿಗೆ ತಕ್ಕ ಮಾಲು ಎಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಾವು ಕಲಿಸುತ್ತಿರುವುದು ಇಂಗ್ಲಿಷ್, ಸಾಮಾನು ತರುವುದನ್ನಲ್ಲ. ಚಿತ್ರ ತೋರಿಸಿ 'ದಿಸ್ ಈಸ್ ಆನ್ ಆಪಲ್' ಎಂದು ಮಕ್ಕಳಿಗೆ ಹೇಳಿದ ಹಾಗೆ ಹೇಳಿಸಿದರೆ ಅವರಿಗೆ ಅವಮಾನವಾಗುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಮುಂದಿನ ವಾರ ಬರುವುದಿಲ್ಲ, ಅಷ್ಟೇ.

ಹೋಗುವ ಮುಂಚಿನ ತರಗತಿ

ಭೇಟಿಯಲ್ಲಿ ಬೇಕಾಗುವ ಭಾಷೆಯನ್ನು ಹಿಂದಿನ ತರಗತಿಯಲ್ಲೇ ಕೈಗೆ ಕೊಟ್ಟಿರಬೇಕು. ಮೂರು ಗುಂಪಿನ ಪದಗಳು ಸಾಕು. ಜಾಸ್ತಿ ತುಂಬಿದರೆ ಯಾವುದೂ ನಿಲ್ಲುವುದಿಲ್ಲ.

ಮೊದಲನೆಯದು ಪ್ರಮಾಣ ಹೇಳುವ ಪದಗಳು. ಇಂಗ್ಲಿಷಿನಲ್ಲಿ ಬ್ರೆಡ್, ಸೋಪ್, ಟೂತ್‌ಪೇಸ್ಟ್ ಎಣಿಸುವ ನಾಮಪದಗಳಲ್ಲ. 'ಟೂ ಬ್ರೆಡ್ಸ್' ಆಗುವುದಿಲ್ಲ. ಅದಕ್ಕೇ 'ಎ ಲೋಫ್ ಆಫ್ ಬ್ರೆಡ್', 'ಎ ಬಾರ್ ಆಫ್ ಸೋಪ್', 'ಎ ಟ್ಯೂಬ್ ಆಫ್ ಟೂತ್‌ಪೇಸ್ಟ್', 'ಎ ಕಾರ್ಟನ್ ಆಫ್ ಮಿಲ್ಕ್' ಬೇಕಾಗುತ್ತವೆ. 'ಹೌ ಮಚ್', 'ಹೌ ಮೆನಿ' ವ್ಯತ್ಯಾಸವನ್ನು ಇಲ್ಲೇ ಸೇರಿಸಿ ಹೇಳಿದರೆ ವ್ಯಾಕರಣಕ್ಕೆ ಬೇರೆ ಪಾಠ ಬೇಡ. ಉಚ್ಚಾರಣೆಯಲ್ಲಿ 'ಆಫ್' ಪೂರ್ತಿ ಕೇಳುವುದಿಲ್ಲ, ಬಹುತೇಕ 'ಅ' ಎಂದಷ್ಟೇ ಕೇಳುತ್ತದೆ ಎಂಬುದನ್ನೂ ಕಿವಿಗೆ ಹಾಕಿ.

ಎರಡನೆಯದು ಜಾಗ ಹೇಳುವ ಪದಗಳು: 'ನೆಕ್ಸ್ಟ್ ಟು', 'ಆಪೊಸಿಟ್', 'ಆನ್ ದ ಬಾಟಮ್ ಶೆಲ್ಫ್', 'ಅಟ್ ದಿ ಎಂಡ್ ಆಫ್ ದಿ ಐಲ್'. ಈ 'ಐಲ್' (ಶೆಲ್ಫುಗಳ ನಡುವಿನ ಓಣಿ) ಪದದ ಸ್ಪೆಲ್ಲಿಂಗಿನಲ್ಲಿ ಎಸ್ ಇದೆ, ಉಚ್ಚಾರಣೆಯಲ್ಲಿ ಇಲ್ಲ. 'ರಿಸೀಟ್' ಪದದ ಪಿ ಕೂಡ ಹಾಗೆಯೇ. ಎರಡನ್ನೂ ಮೊದಲು ಕೇಳಿಸಿ, ಆಮೇಲೆ ಬರೆದು ತೋರಿಸಿ. ಉಲ್ಟಾ ಮಾಡಿದರೆ ಬರೆದದ್ದನ್ನು ನೋಡಿ ಓದಿದ ಉಚ್ಚಾರಣೆಯೇ ಬಾಯಲ್ಲಿ ಕೂತುಬಿಡುತ್ತದೆ.

ಮೂರನೆಯದು ಸಂಖ್ಯೆಗಳು. 'ತರ್ಟೀನ್' ಮತ್ತು 'ತರ್ಟಿ', 'ಫಿಫ್ಟೀನ್' ಮತ್ತು 'ಫಿಫ್ಟಿ' ಕಿವಿಗೆ ಒಂದೇ ಎನಿಸುತ್ತವೆ. ಬಿಡಿಯಾಗಿ ಹೇಳುವಾಗ 'ಟೀನ್' ಮೇಲೆ ಒತ್ತು ಬೀಳುತ್ತದೆ, 'ಫಿಫ್ಟಿ'ಯಲ್ಲಿ ಮೊದಲ ಭಾಗದ ಮೇಲೆ. ಹತ್ತು ನಿಮಿಷ ಕೇಳಿಸಿ ಬರೆಸಿದರೂ ಸಾಕು.

ಉತ್ತರವೇ ಕಷ್ಟ, ಪ್ರಶ್ನೆಯಲ್ಲ

ಪಾಠ ಯೋಜನೆಗಳಲ್ಲಿ ತುಂಬಾ ಸಲ ಬಿಟ್ಟುಹೋಗುವ ಭಾಗ ಇದು. ನನ್ನ ಮಟ್ಟಿಗೆ ಇಡೀ ಪಾಠದ ಜೀವ ಇಲ್ಲೇ ಇದೆ.

'ಎಕ್ಸ್‌ಕ್ಯೂಸ್ ಮಿ, ಐ ಆಮ್ ಲುಕಿಂಗ್ ಫಾರ್ ದ ಸಾಲ್ಟ್' ಎಂಬುದನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಕೇಳಿದ ಮೇಲೆ ಏನಾಗುತ್ತದೆ? 'ಸಾಲ್ಟ್? ದಟ್ಸ್ ಡೌನ್ ದೇರ್ ಆನ್ ಯುವರ್ ಲೆಫ್ಟ್, ಜಸ್ಟ್ ಪಾಸ್ಟ್ ದ ಫ್ರೋಜನ್ ಸ್ಟಫ್, ಅಬೌಟ್ ಹಾಫ್‌ವೇ ಅಲಾಂಗ್' ಎಂದು ಒಂದೇ ಉಸಿರಿನಲ್ಲಿ ಉತ್ತರ ಬರುತ್ತದೆ. ಅವರ ಕೈ ಎಲ್ಲೋ ಒಂದು ಕಡೆ ತೋರಿಸುತ್ತಿರುತ್ತದೆ. ವಿದ್ಯಾರ್ಥಿ ನಕ್ಕು 'ಥ್ಯಾಂಕ್ ಯೂ' ಹೇಳಿ ತೋಚಿದ ಕಡೆ ನಡೆಯುತ್ತಾರೆ. ಪ್ರಶ್ನೆ ಸರಿಯಾಗಿತ್ತು, ಉಪ್ಪು ಮಾತ್ರ ಸಿಗಲಿಲ್ಲ.

ಆದ್ದರಿಂದ ತಾಲೀಮಿನ ಸಮಯದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಉತ್ತರಕ್ಕೆ ಕೊಡಿ. ಬೇರೆ ಬೇರೆಯವರ ದನಿಯಲ್ಲಿ, ಸಹಜ ವೇಗದಲ್ಲಿ ಐದಾರು ಉತ್ತರ ರೆಕಾರ್ಡ್ ಮಾಡಿಕೊಳ್ಳಿ. ವಿದ್ಯಾರ್ಥಿಗಳ ಕೈಗೆ ಅಂಗಡಿಯ ನಕ್ಷೆ ಕೊಟ್ಟು, ಕೇಳಿಸಿಕೊಂಡು ಜಾಗಕ್ಕೆ ಗುರುತು ಹಾಕಿಸಿ. ಪೂರ್ತಿ ವಾಕ್ಯ ಅರ್ಥವಾಗಬೇಕಿಲ್ಲ. 'ಲೆಫ್ಟ್', 'ಪಾಸ್ಟ್', 'ಫ್ರೋಜನ್' ಈ ಮೂರು ಹಿಡಿದರೆ ದಾರಿ ಸಿಕ್ಕಿತು.

ಆಮೇಲೆ, ಅರ್ಥವಾಗದಿದ್ದಾಗ ಏನು ಹೇಳುವುದು? 'ಪಾರ್ಡನ್?' ಅಂದರೆ ಎದುರಿನವರು ಅದೇ ವಾಕ್ಯವನ್ನು ಅದೇ ವೇಗದಲ್ಲಿ, ಇನ್ನೂ ಜೋರಾಗಿ ಹೇಳುವ ಸಾಧ್ಯತೆಯೇ ಜಾಸ್ತಿ. ಅದಕ್ಕಿಂತ ಕೇಳಿಸಿದಷ್ಟನ್ನು ತಿರುಗಿ ಹೇಳುವುದು ಒಳ್ಳೆಯದು: 'ಸಾರಿ, ಡಿಡ್ ಯು ಸೇ ಐಲ್ ಫೈವ್?', 'ಆನ್ ದ ಲೆಫ್ಟ್, ಆಫ್ಟರ್ ದ ಫ್ರೋಜನ್ ಫುಡ್?' ಇಷ್ಟು ಹೇಳಿದರೆ ಎದುರಿನವರಿಗೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯುತ್ತದೆ. ಅಷ್ಟನ್ನೇ ಸರಿಪಡಿಸುತ್ತಾರೆ. ಇಂಗ್ಲಿಷ್ ಕಡಿಮೆ ಬರುವವರೂ ಮಾತನ್ನು ತಮ್ಮ ಹಿಡಿತಕ್ಕೆ ತಂದುಕೊಳ್ಳುವ ದಾರಿ ಇದು. ಇದನ್ನು ಜೋಡಿಯಲ್ಲಿ ಮತ್ತೆ ಮತ್ತೆ ಆಡಿಸಿ.

ಅಂಗಡಿಯಲ್ಲಿ ಕೊಡುವ ಕೆಲಸ

ಸಂವಹನದ ಚಟುವಟಿಕೆಗಳನ್ನು, ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿಸುವ ಪ್ರಯೋಗ ನಡೆಸಿದ ಎನ್. ಎಸ್. ಪ್ರಭು ಮೂರು ಬಗೆಯಾಗಿ ನೋಡಿದರು: ಒಬ್ಬರಲ್ಲಿರುವ ಮಾಹಿತಿ ಇನ್ನೊಬ್ಬರಿಗೆ ದಾಟುವ ಇನ್ಫರ್ಮೇಶನ್ ಗ್ಯಾಪ್, ಸಿಕ್ಕ ಮಾಹಿತಿಯಿಂದ ಯೋಚಿಸಿ ಹೊಸದೊಂದನ್ನು ಕಂಡುಕೊಳ್ಳುವ ರೀಸನಿಂಗ್ ಗ್ಯಾಪ್, ತಮ್ಮ ಇಷ್ಟಾನಿಷ್ಟ ಹೇಳುವ ಒಪಿನಿಯನ್ ಗ್ಯಾಪ್. ಅವರ ತರಗತಿಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಎರಡನೆಯದು. ಸೂಪರ್‌ಮಾರ್ಕೆಟ್ ಪಾಠಕ್ಕೆ ಈ ವಿಂಗಡಣೆ ಹೇಳಿ ಮಾಡಿಸಿದಂತಿದೆ.

'ಹತ್ತು ತರಕಾರಿಗಳ ಹೆಸರು ಬರೆದುಕೊಂಡು ಬನ್ನಿ' ಎಂಬ ಪಟ್ಟಿಯಲ್ಲಿ ಯಾವ ಗ್ಯಾಪೂ ಇಲ್ಲ. ನೋಡಿ ಬರೆದರೆ ಮುಗಿಯಿತು. ಅದರ ಬದಲು ಹೀಗೆ ಮಾಡಿ. ಇಬ್ಬಿಬ್ಬರ ಜೋಡಿ. ಒಬ್ಬರ ಕಾರ್ಡಿನಲ್ಲಿ ಒಂಟಿಯಾಗಿರುವ ವ್ಯಕ್ತಿಯ ಮನೆ, ಇನ್ನೊಬ್ಬರ ಕಾರ್ಡಿನಲ್ಲಿ ಆರು ಜನರ ಮನೆ. ಒಂದೇ ವಸ್ತು ಎರಡು ಅಳತೆಯ ಪ್ಯಾಕಿನಲ್ಲಿರುತ್ತದೆ. ಯಾರಿಗೆ ಯಾವುದು ಸರಿ, ಯಾಕೆ? ನೂರು ಗ್ರಾಂಗೆ ಎಷ್ಟು ಬೀಳುತ್ತದೆ ಎಂದು ಶೆಲ್ಫಿನ ಚೀಟಿಯಲ್ಲಿ ಇದ್ದರೆ ಓದಬೇಕು, ಇಲ್ಲದಿದ್ದರೆ ಲೆಕ್ಕ ಹಾಕಬೇಕು. 'ಚೀಪರ್', 'ಬೆಟರ್ ವ್ಯಾಲ್ಯೂ', 'ಟೂ ಬಿಗ್' ತಾವಾಗಿಯೇ ಬಾಯಿಗೆ ಬರುತ್ತವೆ.

ಆಫರ್‌ಗಳು ಇನ್ನೂ ಒಳ್ಳೆಯ ಸಾಮಗ್ರಿ. ಎರಡು ಬೇಕಿದ್ದವರಿಗೆ 'ಬೈ ಒನ್ ಗೆಟ್ ಒನ್ ಫ್ರೀ' ಮತ್ತು 'ಹಾಫ್ ಪ್ರೈಸ್' ಒಂದೇ. ಒಂದೇ ಸಾಕೆನ್ನುವವರಿಗೆ ಒಂದೇ ಅಲ್ಲ. 'ತ್ರೀ ಫಾರ್ ಟು' (ಎರಡರ ಬೆಲೆಗೆ ಮೂರು) ಅಂದರೆ ಒಂದೊಂದರ ಬೆಲೆಯಲ್ಲೂ ಮೂರನೇ ಒಂದು ಭಾಗ ಉಳಿತಾಯ, ಅದೂ ಮೂರು ತೆಗೆದುಕೊಂಡರೆ ಮಾತ್ರ. ಇದರ ಮೇಲೆ ಜೋಡಿಗಳು ನಿಜವಾಗಿ ವಾದ ಮಾಡುತ್ತವೆ. ಇಂಗ್ಲಿಷ್ ಕಡಿಮೆ ಇರುವವರೂ ಲೆಕ್ಕದಲ್ಲಿ ಮುಂದಿರಬಹುದು, ಆಗ ಗುಂಪಿನಲ್ಲಿ ಅವರ ಮಾತಿಗೆ ತೂಕ ಬರುತ್ತದೆ.

ಲೇಬಲ್ ಓದುವ ಕೆಲಸಕ್ಕೆ ಒಂದೆರಡು ವಿಷಯ ಸಾಕು. ಬ್ರಿಟನ್‌ನಂಥ ದೇಶಗಳಲ್ಲಿ 'ಯೂಸ್ ಬೈ' ಆಹಾರದ ಸುರಕ್ಷತೆಗೆ ಸಂಬಂಧಿಸಿದ್ದು, ಆ ದಿನ ದಾಟಿದರೆ ತಿನ್ನಬಾರದು. 'ಬೆಸ್ಟ್ ಬಿಫೋರ್' ರುಚಿ, ಗುಣಮಟ್ಟಕ್ಕೆ ಸಂಬಂಧಿಸಿದ್ದು. 'ಮೇ ಕಂಟೇನ್ ನಟ್ಸ್' ಎಂಬಲ್ಲಿನ 'ಮೇ' ಅಲರ್ಜಿ ಇರುವವರಿಗೆ ಜೀವದ ಪ್ರಶ್ನೆ. ಇನ್ನು 03/04 ಎಂಬ ದಿನಾಂಕ ಕೆಲವು ದೇಶಗಳಲ್ಲಿ ಏಪ್ರಿಲ್ 3, ಅಮೆರಿಕದಲ್ಲಿ ಮಾರ್ಚ್ 4. ಇಂಥ ಓದು ಪರೀಕ್ಷೆಗಲ್ಲ, ಅದೇ ದಿನ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ.

ಎಲ್ಲರಿಗೂ ಕಡ್ಡಾಯವಾಗಿ ಒಂದು ಮಾತಿನ ಕೆಲಸ ಇರಲಿ: ಸುಲಭಕ್ಕೆ ಕಾಣದ ಒಂದು ವಸ್ತುವನ್ನು ಸಿಬ್ಬಂದಿಯನ್ನು ಕೇಳಿಯೇ ಹುಡುಕುವುದು. ಉಪ್ಪು, ಬೆಂಕಿಪೊಟ್ಟಣ, ಬ್ಯಾಟರಿ ಇಂಥವು ಚೆನ್ನಾಗಿ ಹೊಂದುತ್ತವೆ. ಒಬ್ಬೊಬ್ಬರಿಗೆ ಬೇರೆ ಬೇರೆ ವಸ್ತು ಕೊಡಿ. ಎಲ್ಲರೂ ಅದೇ ಸಿಬ್ಬಂದಿಗೆ ಅದೇ ಪ್ರಶ್ನೆ ಕೇಳಿದರೆ ಅವರ ತಾಳ್ಮೆಯೂ ಮುಗಿಯುತ್ತದೆ, ಪ್ರಶ್ನೆಯೂ ನಾಟಕವಾಗುತ್ತದೆ.

ವ್ಯವಸ್ಥೆ

ಮ್ಯಾನೇಜರ್ ಅನುಮತಿ ಮೊದಲೇ ಕೇಳಿ, ಫೋಟೊ ತೆಗೆಯುವುದಿದ್ದರೆ ಅದಕ್ಕೂ ಸೇರಿಸಿ. ಜನ ಕಡಿಮೆ ಇರುವ ಹೊತ್ತು ಯಾವುದೆಂದು ಅವರೇ ಹೇಳುತ್ತಾರೆ. ಹಿಂದಿನ ದಿನ ನೀವೊಮ್ಮೆ ಹೋಗಿ ನೋಡಿ ಬನ್ನಿ, ಯಾಕೆಂದರೆ ಶೆಲ್ಫುಗಳ ಜಾಗ ಬದಲಾಗುತ್ತಿರುತ್ತದೆ. 'ನಿಧಾನವಾಗಿ ಮಾತಾಡಿ' ಎಂದು ಸಿಬ್ಬಂದಿಗೆ ಹೇಳಿಸಬೇಡಿ. ಸಹಜ ವೇಗಕ್ಕೇ ಅಲ್ವಾ ನಾವು ಇಷ್ಟು ತಾಲೀಮು ಮಾಡಿಸಿದ್ದು? ಒಳಗೆ ಮುಕ್ಕಾಲು ಗಂಟೆ ಸಾಕು.

ಕೊಳ್ಳಲೇಬೇಕಾದ ಕೆಲಸ ಯಾವುದನ್ನೂ ಇಡಬೇಡಿ. ಎಲ್ಲರ ಕೈಯಲ್ಲೂ ಆ ದಿನ ದುಡ್ಡು ಇರುತ್ತದೆ ಅಂತಿಲ್ಲ. ಎಲ್ಲರೂ ಎಲ್ಲವನ್ನೂ ತಿನ್ನುವುದೂ ಇಲ್ಲ. ಮಾಂಸ, ಮದ್ಯದ ವಸ್ತುಗಳನ್ನು ಕಾರ್ಡುಗಳಿಂದ ದೂರ ಇಟ್ಟರೆ ಯಾರಿಗೂ ಮುಜುಗರವಾಗುವುದಿಲ್ಲ. ಇಂಗ್ಲಿಷ್ ಅಕ್ಷರ ಇನ್ನೂ ಓದಲು ಬಾರದವರಿದ್ದರೆ ಕಾರ್ಡಿನಲ್ಲಿ ಪದದ ಬದಲು ಚಿತ್ರ ಹಾಕಿ, ಓದುವ ಕೆಲಸವನ್ನು ಜೊತೆಗಾರರಿಗೆ ಕೊಟ್ಟು ಕೇಳುವ ಕೆಲಸವನ್ನು ಇವರಿಗೆ ಕೊಡಿ.

ಅಂಗಡಿಯೊಳಗೆ ತಿದ್ದಬೇಡಿ. ನೀವು ಪಕ್ಕದಲ್ಲೇ ನಿಂತರೆ ಅವರು ಸಿಬ್ಬಂದಿಯನ್ನು ಬಿಟ್ಟು ನಿಮ್ಮ ಮುಖ ನೋಡುತ್ತಾರೆ. ದೂರದಲ್ಲಿರಿ, ಕೇಳಿದ ವಾಕ್ಯಗಳನ್ನು ಬರೆದುಕೊಳ್ಳಿ.

ವಾಪಸ್ ಬಂದ ಮೇಲೆ

ಭಾಷಾ ಬೋಧನೆಯ ಬಗ್ಗೆ ಬರೆದ ಜೇನ್ ವಿಲ್ಲಿಸ್ 1996ರಲ್ಲಿ ಕೊಟ್ಟ ಟಾಸ್ಕ್ ಚೌಕಟ್ಟಿನಲ್ಲಿ (ಕೆಲಸ ಕೊಟ್ಟು ಭಾಷೆ ಕಲಿಸುವ ಕ್ರಮ) ಕೆಲಸ ಮುಗಿದ ಮೇಲೆ ವರದಿಗೆ ತಯಾರಿ, ಆಮೇಲೆ ವರದಿ, ಕೊನೆಗೆ ಭಾಷೆಯ ಮೇಲೆ ಗಮನ ಎಂಬ ಅನುಕ್ರಮವಿದೆ. ಇಲ್ಲಿ ಅದನ್ನೇ ಪಾಲಿಸುವುದು ಒಳ್ಳೆಯದು. ಪ್ರತಿ ಜೋಡಿಯೂ ಯಾವ ಪ್ಯಾಕ್ ಆರಿಸಿದರು, ಯಾಕೆ ಎಂದು ಹೇಳಲಿ. ಹೇಳುವ ಮುಂಚೆ ಐದು ನಿಮಿಷ ವಾಕ್ಯ ಕಟ್ಟಿಕೊಳ್ಳಲು ಬಿಡಿ. ಎಲ್ಲರ ಮುಂದೆ ಹೇಳಬೇಕಿರುವುದರಿಂದ ಆಗ ವ್ಯಾಕರಣದ ಕಡೆ ತಾವೇ ಗಮನ ಕೊಡುತ್ತಾರೆ.

ನೀವು ಬರೆದುಕೊಂಡ ವಾಕ್ಯಗಳಲ್ಲಿ ಏಳೆಂಟನ್ನು ಹೆಸರಿಲ್ಲದೆ ಬೋರ್ಡಿನ ಮೇಲೆ ಹಾಕಿ. ಸರಿಯಾದವೂ ಇರಲಿ, ತಪ್ಪಿದವೂ ಇರಲಿ. ಯಾವುದು ಯಾವುದು ಎಂದು ಅವರೇ ಹೇಳಲಿ. ಸಿಬ್ಬಂದಿ ಕೊಟ್ಟ ಉತ್ತರಗಳನ್ನೂ ನೆನಪಿನಿಂದ ಹೇಳಿಸಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಕೇಳುವ ತಾಲೀಮಿಗೆ ಅದೇ ಸ್ಕ್ರಿಪ್ಟ್ ಆಗುತ್ತದೆ.

ಮನೆಗೆಲಸವಾಗಿ ಒಂದೇ ಒಂದು: ವಾರದೊಳಗೆ ಒಬ್ಬರೇ ಹೋಗಿ, ತಮಗೆ ನಿಜವಾಗಿ ಬೇಕಿರುವ ಒಂದು ವಸ್ತುವನ್ನು ಕೇಳಿ ಪತ್ತೆ ಹಚ್ಚಲಿ. ಏನು ಕೇಳಿದರು, ಏನು ಉತ್ತರ ಬಂತು ಎಂದು ಎರಡು ಸಾಲು ಬರೆದುಕೊಂಡು ಬರಲಿ. ಪಾಠದ ಗುರಿ ಮುಟ್ಟಿತೋ ಇಲ್ಲವೋ ಎಂಬುದಕ್ಕೆ ಆ ಎರಡು ಸಾಲನ್ನೇ ನೋಡಿ.