ಆರತಕ್ಷತೆಯ ಹಾಡಿಗೆ ದುಡ್ಡು ಯಾರಿಗೆ?

ಹಾಸನದ ಬಿ.ಎಂ. ರಸ್ತೆಯ ಛತ್ರವೊಂದರಲ್ಲಿ ಮೊನ್ನೆ ನೆಂಟರ ಮದುವೆ. ಆರತಕ್ಷತೆಗೆ ಆರ್ಕೆಸ್ಟ್ರಾದವರು ಎಂಬತ್ತರ ದಶಕದ ಸಿನಿಮಾ ಹಾಡು ಶುರು ಮಾಡಿದರು. ಅಡುಗೆಯವರಿಗೆ, ಹೂವಿನವರಿಗೆ, ಹಾಡಿದವರಿಗೆ ಎಲ್ಲರಿಗೂ ದುಡ್ಡು ಸಿಕ್ಕಿತು. ರಾಗ ಹಾಕಿದವರಿಗೆ?

ಇಲ್ಲ. ಮದುವೆಯ ಮಟ್ಟಿಗೆ ಕಾನೂನೇ ಹಾಗಿದೆ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ. ಮದುವೆ ಮೆರವಣಿಗೆ, ಮದುವೆಯ ಸಂಭ್ರಮ ಎಲ್ಲಾ ಅದರೊಳಗೇ ಬಂತು. ಆದರೂ ಲೈಸೆನ್ಸ್ ಕೇಳುತ್ತಾರೆ ಅಂತ ದೂರು ಬಂದಿದ್ದರಿಂದ 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ಇನ್ನೊಮ್ಮೆ ಬಿಡಿಸಿ ಹೇಳಬೇಕಾಯಿತು.

ಅದೇ ಹಾಡನ್ನು ಚಿಕ್ಕಮಗಳೂರಿನ ರೆಸಾರ್ಟಿನವರು ಟಿಕೆಟ್ ಇಟ್ಟು ಹೊಸ ವರ್ಷದ ಪಾರ್ಟಿಯಲ್ಲಿ ಹಾಕಿದರೆ ಲೆಕ್ಕ ಬೇರೆ. ಲೈಸೆನ್ಸ್ ಬೇಕು, ಶುಲ್ಕ ಕಟ್ಟಬೇಕು. ಆ ಶುಲ್ಕ ಯಾರ ಜೇಬಿಗೆ ಹೋಗಬೇಕು ಅನ್ನೋದೇ ಹಳೇ ಜಗಳ.

ನಮ್ಮ ಕಾಯ್ದೆ 1957ರದು. 1969ರಲ್ಲಿ ಸಾಹಿತಿಗಳು, ಸಂಗೀತ ನಿರ್ದೇಶಕರ ಪರವಾಗಿ ಶುಲ್ಕ ವಸೂಲಿ ಮಾಡಲು ಐಪಿಆರ್‌ಎಸ್ ಎಂಬ ಸಂಸ್ಥೆ ಹುಟ್ಟಿತು. ಥಿಯೇಟರಿನವರ ಹತ್ತಿರವೂ ಶುಲ್ಕ ಕೇಳಿತು. ಸಿನಿಮಾದವರು ಒಪ್ಪಲಿಲ್ಲ. ಕೇಸು ಸುಪ್ರೀಂ ಕೋರ್ಟ್ ಹತ್ತಿ 1977ರಲ್ಲಿ ತೀರ್ಪು ಬಂತು: ದುಡ್ಡು ಕೊಟ್ಟು ಹಾಡು ಮಾಡಿಸಿದ ನಿರ್ಮಾಪಕನೇ ಅದರ ಮೊದಲ ಒಡೆಯ, ಬೇರೆ ಒಪ್ಪಂದ ಇದ್ದರೆ ಮಾತ್ರ ಬೇರೆ ಮಾತು. ಬೇರೆ ಒಪ್ಪಂದ ಬರೆಸಿಕೊಳ್ಳುವಷ್ಟು ಧೈರ್ಯ ಎಷ್ಟು ಜನರಿಗಿತ್ತು ಹೇಳಿ?

ನಿರ್ಮಾಪಕನಿಂದ ಹಕ್ಕು ಆಡಿಯೋ ಕಂಪನಿಗೆ ಹೋಗುತ್ತಿತ್ತು. ನಮ್ಮಲ್ಲಿ ಸಂಗೀತದ ಪಬ್ಲಿಷರ್, ಅಂದರೆ ಹಾಡಿನ ಹಕ್ಕು ಇಟ್ಟುಕೊಂಡವರು, ಬಹುಪಾಲು ಈ ಕಂಪನಿಗಳೇ. ರಾಗ ಹಾಕಿದವರಿಗೆ ಒಂದು ಸಲ ದುಡ್ಡಿನ ಕವರ್ ಕೊಟ್ಟರೆ ಮುಗೀತು. ಕ್ಯಾಸೆಟ್ ಬಂತು, ಸಿ.ಡಿ. ಬಂತು, ರಿಂಗ್‌ಟೋನ್ ಬಂತು. ರಿಂಗ್‌ಟೋನ್ ಅನ್ನೋ ಪದವೇ ಇಲ್ಲದ ಕಾಲದ ಸಹಿಯ ಮೇಲೆ ರಿಂಗ್‌ಟೋನಿನ ದುಡ್ಡೂ ಕಂಪನಿಗೇ ಹೋಯಿತು.

2012ರಲ್ಲಿ ಇದಕ್ಕೆ ತಿದ್ದುಪಡಿ ಬಂತು. ಗೀತರಚನಕಾರ ಜಾವೇದ್ ಅಖ್ತರ್ ಆಗ ರಾಜ್ಯಸಭೆಯಲ್ಲಿದ್ದರು, ಇದಕ್ಕಾಗಿ ಹೋರಾಡಿದವರಲ್ಲಿ ಅವರೇ ಮುಂದೆ. ಜೂನ್ 21ರಿಂದ ಜಾರಿಯಾದ ಕಾನೂನಿನ ಪ್ರಕಾರ ಬರೆದವರು, ರಾಗ ಹಾಕಿದವರು ಹಾಡಿನ ಹಕ್ಕು ಮಾರಿದರೂ ರಾಯಧನದ (ಹಾಡು ಬಳಸಿದಾಗ ಬರುವ ದುಡ್ಡಿನ) ಹಕ್ಕು ಮಾರುವಂತಿಲ್ಲ. ಕಂಪನಿಯ ಜೊತೆ ಸಮಪಾಲು. ಬೇಡ ಅಂತ ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ವಾರಸುದಾರರಿಗೆ ಅಥವಾ ಐಪಿಆರ್‌ಎಸ್‌ನಂಥ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಥಿಯೇಟರಿನಲ್ಲಿ ಸಿನಿಮಾ ಜೊತೆ ಓಡುವ ಹಾಡಿಗೆ ಮಾತ್ರ ಈ ಪಾಲಿಲ್ಲ. ಸಹಿ ಹಾಕುವಾಗ ಇಲ್ಲದ ಮಾಧ್ಯಮದ ಹಕ್ಕೂ ತಾನಾಗೇ ಕೈ ಬದಲಾಗುವುದಿಲ್ಲ. ಬಂಡವಾಳ ಹಾಕೋದು ನಾವು, ಓಡದ ಹಾಡಿನ ನಷ್ಟವೂ ನಮ್ಮದೇ ಎಂಬ ಕಂಪನಿಗಳ ಮಾತು ಪೂರ್ತಿ ಸುಳ್ಳಲ್ಲ. ಆದರೆ ಓಡಿದ ಹಾಡಿನ ಲಾಭವೂ ಅಷ್ಟು ದಿನ ಅವರದೇ ಆಗಿತ್ತಲ್ವಾ?

ಚಿಕ್ಕಮಗಳೂರಿನಲ್ಲಿ ನನಗೆ ಪರಿಚಯದ ಸಂಗೀತ ಮೇಷ್ಟ್ರೊಬ್ಬರಿದ್ದಾರೆ. ಕವಿತೆಗಳಿಗೆ ರಾಗ ಹಾಕಿ ಕ್ಯಾಸೆಟ್ಟಿಗೆ ಕೊಟ್ಟವರು. ಆ ಹಾಡುಗಳು ಈಗ ಯೂಟ್ಯೂಬಿನಲ್ಲಿವೆ. "ಮೇಷ್ಟ್ರೇ, ಐಪಿಆರ್‌ಎಸ್ ಸದಸ್ಯರಾಗಿದ್ದೀರಾ?" ಅಂದೆ. "ಅದೇನಪ್ಪಾ ಅದು?" ಅಂದರು. ಕಾನೂನು ಪಾಲು ಕೊಟ್ಟಿದೆ ನಿಜ. ಆದರೆ ಸಂಘ ಸೇರಬೇಕು, ಒಂದೊಂದು ಹಾಡನ್ನೂ ಅಲ್ಲಿ ನೋಂದಾಯಿಸಬೇಕು. ಸುಮ್ನೆ ಕೂತರೆ ದುಡ್ಡು ಮನೆ ಹುಡುಕಿಕೊಂಡು ಬರುವುದಿಲ್ಲ.

ಇನ್ನು ಪದ್ಯ ಬರೆದವರ ಹಕ್ಕು ಬೇರೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಕವಿ ಹೋದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಹಾಗಾಗಿ 2054ರ ಕೊನೆವರೆಗೂ ಅವರ ಕವಿತೆಯ ಹೊಸ ಧ್ವನಿಸುರುಳಿಗೆ ಅನುಮತಿ ಬೇಕು. ಮೊದಲು ಇದು 50 ವರ್ಷ ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ, 1992ರಲ್ಲಿ, ಹತ್ತು ವರ್ಷ ಜಾಸ್ತಿ ಮಾಡಿದರು. ಸೋಬಾನೆ ಪದಕ್ಕೆ ಮಾತ್ರ ಒಡೆಯರಿಲ್ಲ, ಆದರೆ ಅದರ ರೆಕಾರ್ಡಿಂಗಿಗೆ ಇದ್ದಾರೆ.

ಮೇಷ್ಟ್ರು ಈಗ ಅಟ್ಟದ ಮೇಲಿನ ಟ್ರಂಕು ಇಳಿಸಿ ಹಳೇ ಛಾಪಾ ಕಾಗದ ಹುಡುಕುತ್ತಿದ್ದಾರೆ. 2012ಕ್ಕೆ ಮುಂಚಿನ ಒಪ್ಪಂದ ಅದು. ಅಂಥದ್ದಕ್ಕೆ ಹೊಸ ಕಾನೂನು ಎಷ್ಟು ಹಿಡಿಯುತ್ತೆ ಅನ್ನೋ ವಾದಕ್ಕೂ ಮೊದಲು ಕಾಗದ ಸಿಗಬೇಕು. ಇದುವರೆಗೆ ಕ್ಯಾಸೆಟ್ಟಿನ ಕವರ್ ಮಾತ್ರ ಸಿಕ್ಕಿದೆ. ಅದರಲ್ಲಿ ಅವರ ಹೆಸರು ತಪ್ಪಾಗಿ ಅಚ್ಚಾಗಿದೆ.